ಪಟ್ಟಿಗೂ ಬರಲಿ ನಮ್ಮೂರ ನಾಲ್ಕು ಭಾಷೆ

ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡುವ ಬೆಂಗಳೂರು ರೈಲಿನಲ್ಲಿ ಯಾವ ಬೋಗಿ ಹತ್ತಿದರೂ ಕೆಜಿಎಫ್‌ನ ಪರಿಚಯ ಆಗಿಬಿಡುತ್ತದೆ. ಕಿಟಕಿ ಪಕ್ಕದಲ್ಲಿ ತಮಿಳು, ಎದುರು ಸೀಟಿನಲ್ಲಿ ತೆಲುಗು, ಬಾಗಿಲ ಬಳಿ ಉರ್ದು, ಬಂಗಾರಪೇಟೆಯಲ್ಲಿ ಹತ್ತಿದವರ ಬಾಯಲ್ಲಿ ಕನ್ನಡ. ಸೀಟಿಗಾಗಿ ಜಗಳವಾದರೆ ನಾಲ್ಕೂ ಭಾಷೆ ಒಟ್ಟಿಗೆ ಕೇಳಿಸುತ್ತವೆ! 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ನಮ್ಮಲ್ಲಿ ಸಾವಿರಾರು ಜನರಿಗೆ ಈ ರೈಲೇ ಅನ್ನದ ದಾರಿ. ನಮ್ಮ ತಾತಂದಿರು ಗಣಿಗೆ ಇಳಿದರು, ನಾವು ರೈಲು ಹತ್ತುತ್ತೇವೆ.

ಇಷ್ಟೊಂದು ಭಾಷೆ ಬಲ್ಲ ನಾವು ಸಂದರ್ಶನಕ್ಕೆ ಹೋದಾಗ ಮಾತ್ರ ಅದನ್ನು ರೆಸ್ಯೂಮೆಯ ಕೊನೆಯ ಸಾಲಿನಲ್ಲಿ, ಹವ್ಯಾಸದ ಪಕ್ಕದಲ್ಲಿ ಬರೆದು ಸುಮ್ಮನಾಗುತ್ತೇವೆ. ‘ಗೊತ್ತಿರುವ ಭಾಷೆಗಳು: ಕನ್ನಡ, ತಮಿಳು, ತೆಲುಗು, ಇಂಗ್ಲಿಷ್’ ಎಂದು ಬರೆದರೆ ಮುಗಿಯಿತು. ಇದು ಕೊನೆಯ ಸಾಲಿನ ವಿಷಯವಲ್ಲ, ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೆ ಬೆಲೆಯಿದೆ ಎಂದು ನನಗೆ ಅರ್ಥವಾಗಿದ್ದು ಒಂದು ಸಣ್ಣ ಪಟ್ಟಿಯಿಂದ.

ವೆಬ್‌ಸೈಟುಗಳಲ್ಲಿ ಸಾಲು, ಕಾಲಂಗಳಾಗಿ ಮಾಹಿತಿ ತೋರಿಸುವ ಟೇಬಲ್ ನೀವು ದಿನವೂ ನೋಡುತ್ತೀರಿ. ಕಾಲೇಜಿನ ಹಾಜರಾತಿ, ಸೀಟು ಹಂಚಿಕೆಯ ಪಟ್ಟಿ, ಸ್ಕಾಲರ್‌ಶಿಪ್ ಅರ್ಜಿಯ ಸ್ಥಿತಿ, ಬ್ಯಾಂಕ್ ಖಾತೆಯ ವಿವರ. ತಲೆಬರಹ ಒತ್ತಿದರೆ ವಿಂಗಡಣೆಯಾಗುತ್ತದೆ, ಮೇಲಿನ ಬಾಕ್ಸಿನಲ್ಲಿ ಹುಡುಕಬಹುದು, ಕೆಳಗೆ ಪುಟ ತಿರುಗಿಸಬಹುದು. ಇದಕ್ಕೆ ಡೇಟಾ ಗ್ರಿಡ್ ಎಂದು ಹೆಸರು. ಸಾಮಾನ್ಯವಾಗಿ ಇದನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಎಜಿ ಗ್ರಿಡ್, ಡೇಟಾಟೇಬಲ್ಸ್‌ನಂಥ ಸಿದ್ಧ ಗ್ರಿಡ್ ತಂದು ಜೋಡಿಸುತ್ತಾರೆ. ಅವು ಬರುವುದು ಇಂಗ್ಲಿಷ್ ಮಾತಾಡುತ್ತಾ. ಹಾಗೇ ಬಿಟ್ಟರೆ ಮಾಹಿತಿ ಕನ್ನಡದಲ್ಲಿದ್ದರೂ ಅದರ ಸುತ್ತಲಿನ ಗುಂಡಿ, ಸೂಚನೆ ಎಲ್ಲವೂ ಇಂಗ್ಲಿಷಿನಲ್ಲೇ ಉಳಿಯುತ್ತವೆ.

ಸಂಘದ ಲೆಕ್ಕ

ನಮ್ಮ ಬೀದಿಯಲ್ಲೊಂದು ಮಹಿಳಾ ಸ್ವಸಹಾಯ ಸಂಘವಿದೆ. ಉಳಿತಾಯ, ಸಾಲ, ಕಂತುಗಳ ಲೆಕ್ಕವನ್ನು ಇಂಗ್ಲಿಷಿನ ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದರು. ಸದಸ್ಯೆಯರಲ್ಲಿ ತಮಿಳು ಓದುವವರು ಹೆಚ್ಚು, ತೆಲುಗು ಮತ್ತು ಕನ್ನಡ ಓದುವವರು ಕೆಲವರು, ಇಬ್ಬರಿಗೆ ಉರ್ದು ಮಾತ್ರ. ತಮ್ಮದೇ ಸಾಲದ ಬಾಕಿ ಎಷ್ಟೆಂದು ತಿಳಿಯಲು ಪ್ರತಿ ತಿಂಗಳೂ ‘ತಮ್ಮಾ, ಇದನ್ನ ಸ್ವಲ್ಪ ಓದಿ ಹೇಳಪ್ಪ’ ಎಂದು ಯಾರದೋ ಮನೆ ಹುಡುಗರನ್ನು ಹಿಡಿಯಬೇಕಿತ್ತು. ಆ ಹಾಳೆಯನ್ನು ಮೊಬೈಲಿನಲ್ಲಿ ನೋಡಬಹುದಾದ ಒಂದು ಪುಟವಾಗಿಸಿ, ನಾಲ್ಕು ಭಾಷೆ ಕೊಡೋಣ ಎಂದು ನಾವು ಮೂವರು ಗೆಳೆಯರು ಹೊರಟೆವು. ಎರಡು ಭಾನುವಾರದ ಕೆಲಸ ಎಂದುಕೊಂಡಿದ್ದು ಎರಡು ತಿಂಗಳು ಹಿಡಿಯಿತು. ಕಾಲೇಜಿನ ಮೂರು ವರ್ಷ ಕಲಿಸದಷ್ಟನ್ನು ಅದು ಕಲಿಸಿತು.

ಕೆಲಸದ ಮೂಲ ಸೂತ್ರ ಸರಳ. ಪರದೆಯ ಮೇಲೆ ಕಾಣುವ ಯಾವ ಪದವನ್ನೂ ಕೋಡ್ ಒಳಗೆ ನೇರವಾಗಿ ಬರೆಯಬಾರದು. ಪ್ರತಿ ಪದಕ್ಕೂ ಒಂದು ಕೀಲಿ ಹೆಸರು ಕೊಟ್ಟು, ಭಾಷೆಗೊಂದು ಕಡತ ಮಾಡಬೇಕು. ಕೋಡ್ ‘ಖಾಲಿ ಪಟ್ಟಿಯ ಸಂದೇಶ ಕೊಡು’ ಎಂದು ಕೇಳುತ್ತದೆ. ಕನ್ನಡ ಕಡತ ‘ಯಾವ ಮಾಹಿತಿಯೂ ಸಿಗಲಿಲ್ಲ’ ಎಂದು ಕೊಡುತ್ತದೆ, ತಮಿಳು ಕಡತ ತಮಿಳಿನಲ್ಲಿ ಕೊಡುತ್ತದೆ. ಹೆಸರಾಂತ ಗ್ರಿಡ್‌ಗಳಲ್ಲೆಲ್ಲ ಇಂಥ ಕಡತ ಸೇರಿಸಲು ಜಾಗ ಇದ್ದೇ ಇರುತ್ತದೆ. ಎಜಿ ಗ್ರಿಡ್‌ನಲ್ಲಿ ಅದಕ್ಕೆ ‘ಲೊಕೇಲ್ ಟೆಕ್ಸ್ಟ್’ ಎನ್ನುತ್ತಾರೆ. ಡೇಟಾಟೇಬಲ್ಸ್‌ಗೆ ಬಳಕೆದಾರರೇ ಬರೆದುಕೊಟ್ಟ ಹತ್ತಾರು ಭಾಷೆಗಳ ಕಡತಗಳಿವೆ, ಕನ್ನಡದ್ದೂ ಇದೆ. ಯಾವುದಾದರೂ ಪದಕ್ಕೆ ಅನುವಾದ ಇಲ್ಲದಿದ್ದರೆ ಪುಟ ಮುರಿಯುವುದಿಲ್ಲ, ಅಷ್ಟು ಮಾತ್ರ ಇಂಗ್ಲಿಷಿನಲ್ಲಿ ಕಾಣುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಮುಗಿಸುತ್ತಾ ಹೋಗಬಹುದು.

ಈ ಕೆಲಸಕ್ಕೆ ಉದ್ಯಮದಲ್ಲಿ ‘ಇಂಟರ್‌ನ್ಯಾಷನಲೈಸೇಷನ್’ ಎಂಬ ಉದ್ದದ ಹೆಸರಿದೆ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಐ, ಕೊನೆಯದು ಎನ್, ನಡುವೆ 18 ಅಕ್ಷರ. ಅದಕ್ಕೇ ಚುಟುಕಾಗಿ ‘ಐ18ಎನ್’ ಎನ್ನುತ್ತಾರೆ. ಉದ್ಯೋಗದ ಜಾಹೀರಾತಿನಲ್ಲಿ ಈ ವಿಚಿತ್ರ ಪದ ಕಂಡರೆ ಗಾಬರಿಯಾಗಬೇಡಿ.

ನಿಘಂಟು ಕೈಕೊಡುವ ಜಾಗ

ಮೊದಲ ಪಾಠ ಕಲಿಸಿದ್ದು ‘ಅಪ್ಲೈ’ ಎಂಬ ಪದ. ಗ್ರಿಡ್‌ನಲ್ಲಿ ಅದರ ಅರ್ಥ ‘ನೀವು ಆರಿಸಿದ್ದನ್ನು ಜಾರಿ ಮಾಡು’ ಎಂದು. ಯಂತ್ರಾನುವಾದಕ್ಕೆ ಒಂಟಿ ಪದ ಕೊಟ್ಟು ನೋಡಿದರೆ ಅದು ‘ಅರ್ಜಿ ಸಲ್ಲಿಸಿ’ ಎಂದೂ ತಿಳಿಯಬಹುದು. ಉದ್ಯೋಗ ಹುಡುಕುವವರ ಪುಟದಲ್ಲಿ ಈ ಗುಂಡಿ ಇದ್ದರೆ ಗತಿ ಏನು? ‘ಎಕ್ಸ್‌ಪೋರ್ಟ್’ಗೆ ನಿಘಂಟು ನೋಡಿ ‘ರಫ್ತು’ ಎಂದು ಹಾಕಿದ್ದ ಒಂದು ಮಾದರಿಯನ್ನು ಸಂಘದ ಅಕ್ಕನೊಬ್ಬರಿಗೆ ತೋರಿಸಿದಾಗ, ‘ಇದೇನಪ್ಪ, ನಮ್ಮ ದುಡ್ಡು ಫಾರಿನ್‌ಗೆ ಹೋಗುತ್ತಾ?’ ಎಂದು ಕೇಳಿದರು. ಕೊನೆಗೆ ಎಲ್ಲರೂ ಆಡುವ ‘ಡೌನ್‌ಲೋಡ್ ಮಾಡಿ’ಯೇ ಗೆದ್ದಿತು. ವಿಂಗಡಣೆಗೆ ‘ಆರೋಹಣ, ಅವರೋಹಣ’ ಎನ್ನುವುದಕ್ಕಿಂತ ‘ಕಡಿಮೆಯಿಂದ ಹೆಚ್ಚು, ಹೆಚ್ಚಿನಿಂದ ಕಡಿಮೆ’ ಬೇಗ ಅರ್ಥವಾಯಿತು.

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಬಂತು. ಕರಡು ತಯಾರಿಸಲು ಇವು ಖಂಡಿತ ಸಹಾಯಕ. ಆದರೆ ಎರಡಕ್ಷರದ ಗುಂಡಿಗೆ ಸಂದರ್ಭ ಗೊತ್ತಿರುವುದಿಲ್ಲ. ಆ ಗುಂಡಿ ಎಲ್ಲಿದೆ, ಒತ್ತಿದರೆ ಏನಾಗುತ್ತದೆ, ಯಾರು ಒತ್ತುತ್ತಾರೆ ಎಂದು ನೋಡಿ ಪದ ಆರಿಸುವವರು ಮನುಷ್ಯರೇ ಆಗಬೇಕು. ನಮ್ಮೂರ ಹುಡುಗ ಹುಡುಗಿಯರಿಗೆ ಕೆಲಸ ಇರುವುದು ಇಲ್ಲೇ.

ಕನ್ನಡದ ಪ್ರತ್ಯಯ ಬಿಡುವುದಿಲ್ಲ

ಇಂಗ್ಲಿಷಿನಲ್ಲಿ ‘ಪೇಜ್ 2 ಆಫ್ 5’ ಎಂದು ತೋರಿಸಲು ಬಹಳ ಮಂದಿ ತುಂಡು ತುಂಡಾಗಿ ಪದ ಜೋಡಿಸುತ್ತಾರೆ: ಪೇಜ್, ನಂತರ ಸಂಖ್ಯೆ, ನಂತರ ಆಫ್, ನಂತರ ಇನ್ನೊಂದು ಸಂಖ್ಯೆ. ಅದೇ ತುಂಡುಗಳನ್ನು ಕನ್ನಡಕ್ಕೆ ತಂದರೆ ‘ಪುಟ 2 ಇನ 5’ ಎಂಬಂಥ ಏನೋ ಒಂದು ಬರುತ್ತದೆ. ನಾವು ಹೇಳುವುದು ‘5 ಪುಟಗಳಲ್ಲಿ 2ನೇ ಪುಟ’ ಎಂದು. ಸಂಖ್ಯೆಗಳ ಕ್ರಮವೇ ಅದಲುಬದಲು. ಅದಕ್ಕೇ ಇಡೀ ವಾಕ್ಯವನ್ನು ಒಂದೇ ಕೀಲಿಯಡಿ ಇಟ್ಟು, ಸಂಖ್ಯೆ ಬರುವ ಕಡೆ ಖಾಲಿ ಜಾಗ ಬಿಟ್ಟು, ಅದು ಎಲ್ಲಿರಬೇಕೆಂದು ಅನುವಾದಕರೇ ತೀರ್ಮಾನಿಸಲು ಬಿಡಬೇಕು.

ಊರಿನ ಹೆಸರಿಗೆ ವಿಭಕ್ತಿ ಹಚ್ಚುವುದು ಇನ್ನೂ ಕಷ್ಟ. ‘ಇನ್’ ಎಂಬ ಒಂದೇ ಪದದಿಂದ ಇಂಗ್ಲಿಷ್ ಎಲ್ಲ ಊರನ್ನೂ ಸಂಭಾಳಿಸುತ್ತದೆ. ನಮಗೆ ಕೋಲಾರದಲ್ಲಿ, ಬಂಗಾರಪೇಟೆಯಲ್ಲಿ, ಮಾಲೂರಿನಲ್ಲಿ, ಕೆಜಿಎಫ್‌ನಲ್ಲಿ. ನಾಲ್ಕು ಊರಿಗೆ ನಾಲ್ಕು ಬಾಲ! ಒಂದೇ ಅಚ್ಚಿನಲ್ಲಿ ಇವನ್ನು ಎರಕ ಹೊಯ್ಯಲಾಗದು. ‘ಊರು: ಬಂಗಾರಪೇಟೆ’ ಎಂದು ಬಿಡಿಯಾಗಿ ತೋರಿಸುವುದು ಜಾಣತನ. ಹಾಗೆಯೇ ‘ಸೇರಿಸಿದ್ದಾನೆ, ಸೇರಿಸಿದ್ದಾಳೆ’ ಎಂಬ ಗೊಂದಲಕ್ಕೆ ‘ಸೇರಿಸಿದವರು’ ಎಂಬ ತಲೆಬರಹ ಉತ್ತರ.

ಏಕವಚನ, ಬಹುವಚನಕ್ಕೂ ಭಾಷೆಗೊಂದು ನಿಯಮ. ಯೂನಿಕೋಡ್ ಸಂಸ್ಥೆಯ ಭಾಷಾ ದತ್ತಾಂಶದಲ್ಲಿ ಕನ್ನಡಕ್ಕೆ ಎರಡು ವರ್ಗ, ಸೊನ್ನೆ ಮತ್ತು ಒಂದು ಎರಡೂ ಒಂದೇ ವರ್ಗಕ್ಕೆ ಸೇರುತ್ತವೆ. ತಮಿಳು, ತೆಲುಗಿಗೂ ಎರಡು ವರ್ಗವೇ, ಆದರೆ ಸೊನ್ನೆ ಬಹುವಚನದ ಕಡೆ ಹೋಗುತ್ತದೆ. ಅರಬ್ಬಿಗೆ ಆರು ವರ್ಗ. ಇದನ್ನೆಲ್ಲ ನೀವು ಬಾಯಿಪಾಠ ಮಾಡಬೇಕಿಲ್ಲ, ಜಾವಾಸ್ಕ್ರಿಪ್ಟ್‌ನ ‘ಇಂಟ್ಲ್’ ಸೌಲಭ್ಯದಲ್ಲಿ ನಿಯಮಗಳು ಸಿದ್ಧವಾಗಿವೆ. ಅದು ಇದೆ ಎಂದು ಗೊತ್ತಿದ್ದರೆ ಸಾಕು.

ರಾಬರ್ಟ್‌ಸನ್‌ಪೇಟೆ ಸಿಗಲಿಲ್ಲ

ಪಟ್ಟಿಯ ಹುಡುಕುವ ಬಾಕ್ಸಿನಲ್ಲಿ ‘ಕೋಲಾರ’ ಎಂದು ಹೊಡೆಯುತ್ತೀರಿ. ಕಣ್ಣ ಮುಂದೆಯೇ ಕೋಲಾರ ಇದೆ, ಆದರೂ ‘ಸಿಗಲಿಲ್ಲ’ ಎನ್ನುತ್ತದೆ. ಕಾರಣ ಏನೆಂದರೆ, ‘ಕೋ’ ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಮೊದಲ ಬಗೆಯಲ್ಲಿ ‘ಕೋಲಾರ’ ಎಂದರೆ ಕಂಪ್ಯೂಟರಿಗೆ 5 ಸಂಕೇತ, ಎರಡನೇ ಬಗೆಯಲ್ಲಿ 7. ನಮ್ಮ ಕಣ್ಣಿಗೆ ಎರಡೂ ಮೂರೇ ಅಕ್ಷರ. ಬೇರೆ ಬೇರೆ ತಂತ್ರಾಂಶಗಳಿಂದ ಬಂದ ಕಡತ ಸೇರಿಸಿದಾಗ ಈ ಎಡವಟ್ಟು ಆಗುತ್ತದೆ. ಹೋಲಿಸುವ ಮುನ್ನ ಎರಡನ್ನೂ ‘ನಾರ್ಮಲೈಸ್’ ಎಂಬ ಒಂದು ಆದೇಶದಿಂದ ಒಂದೇ ರೂಪಕ್ಕೆ ತಂದರೆ ಸಮಸ್ಯೆ ಮುಗಿಯಿತು.

ರಾಬರ್ಟ್‌ಸನ್‌ಪೇಟೆಯ ಕಥೆ ಬೇರೆ. ಟ್ ಮತ್ತು ಸ, ನ್ ಮತ್ತು ಪೇ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಎಂದು ಟೈಪ್ ಮಾಡುವವರು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತಾರೆ. ಅದಕ್ಕೆ ಅಗಲವೇ ಇಲ್ಲ. ಅದನ್ನು ಹಾಕದೆ ಟೈಪಿಸಿದರೆ ‘ರಾಬರ್ಟ್ಸನ್ಪೇಟೆ’ ಎಂದು ಬರುತ್ತದೆ. ಓದುವವರಿಗೆ ಎರಡೂ ಒಂದೇ ಊರು, ಯಂತ್ರಕ್ಕೆ ಎರಡು ಬೇರೆ ಪದ. ನಾರ್ಮಲೈಸ್ ಈ ಗುರುತನ್ನು ತೆಗೆಯುವುದಿಲ್ಲ, ಹುಡುಕುವಾಗ ನಾವೇ ತೆಗೆದು ಹೋಲಿಸಬೇಕು. ಇಂಗ್ಲಿಷ್ ಮಾತ್ರ ಬಲ್ಲ ಪ್ರೋಗ್ರಾಮರ್‌ಗೆ ಇಂಥದ್ದೊಂದು ಇದೆ ಎಂದೇ ಹೊಳೆಯುವುದು ಕಷ್ಟ. ಕನ್ನಡದಲ್ಲಿ ದಿನಾ ಟೈಪ್ ಮಾಡುವ ನಿಮಗೆ ಹೊಳೆಯುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತ ತಂದು ಹಾಕಿದರಂತೂ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವೇ ಬರುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡವಿದೆ. ಆದರೂ ಹಳೆಯ ಫಾಂಟಿನ ಕಡತಗಳು ಇವತ್ತಿಗೂ ಕೈಗೆ ಸಿಗುತ್ತವೆ. ಪರಿವರ್ತಕ ಬಳಸಿ ಮೊದಲು ಯೂನಿಕೋಡ್‌ಗೆ ತಂದೇ ಮುಂದಿನ ಮಾತು.

ಯಾರು ಮೊದಲು, ಯಾರು ಕೊನೆ

ಹೆಸರುಗಳನ್ನು ಅವರವರ ಲಿಪಿಯಲ್ಲೇ ಇಟ್ಟಿದ್ದೆವು. ವಿಂಗಡಿಸಿದರೆ ಇಂಗ್ಲಿಷ್ ಹೆಸರುಗಳೆಲ್ಲ ಮೇಲೆ, ಆಮೇಲೆ ಉರ್ದು, ತಮಿಳು, ತೆಲುಗು, ಕನ್ನಡ ಕಟ್ಟಕಡೆಗೆ. ಇದು ಯಾರೋ ಮಾಡಿದ ಅನ್ಯಾಯವಲ್ಲ. ಯೂನಿಕೋಡ್‌ನಲ್ಲಿ ಆ ಲಿಪಿಗಳ ಸಂಕೇತಗಳು ಕೂತಿರುವ ಕ್ರಮವೇ ಅದು, ಸುಮ್ಮನೆ ವಿಂಗಡಿಸು ಎಂದರೆ ಜಾವಾಸ್ಕ್ರಿಪ್ಟ್ ಆ ಸಂಖ್ಯೆಗಳನ್ನೇ ನೋಡುತ್ತದೆ. ಸಂಖ್ಯೆಗಳನ್ನು ಪಠ್ಯವಾಗಿ ಇಟ್ಟಿದ್ದರೆ 1, 10, 11 ಆದ ಮೇಲೆ 2 ಬರುವುದೂ ಇದೇ ಕಾರಣಕ್ಕೆ. ಭಾಷೆ ಯಾವುದೆಂದು ಹೇಳಿ ವಿಂಗಡಿಸುವ ‘ಕೊಲೇಟರ್’ ಬಳಸಬೇಕು. ನಾವಂತೂ ಹೆಸರಿನ ಜೊತೆ ಸದಸ್ಯತ್ವ ಸಂಖ್ಯೆಯ ಕಾಲಂ ಒಂದನ್ನು ಸೇರಿಸಿ, ಮೊದಲಿಗೆ ಅದರ ಪ್ರಕಾರ ತೋರಿಸಿದೆವು. ಯಾರ ಲಿಪಿಯೂ ಹಿಂದೆ ಬೀಳಲಿಲ್ಲ.

ಇನ್ನೂ ಕೆಲವು ಸಣ್ಣ, ಆದರೆ ಮುಖ್ಯ ಸಂಗತಿಗಳಿವೆ. ಇಂಗ್ಲಿಷಿಗೆ ಸರಿಯಾದ ಸಾಲಿನ ಎತ್ತರದಲ್ಲಿ ‘ರಾಷ್ಟ್ರೀಯ’, ‘ಸ್ತ್ರೀ’ಯಂಥ ಪದಗಳ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ, ಎತ್ತರ ಹೆಚ್ಚಿಸಬೇಕು. ಉರ್ದು ಆರಿಸಿದರೆ ಇಡೀ ಪಟ್ಟಿ ಬಲದಿಂದ ಎಡಕ್ಕೆ ತಿರುಗಬೇಕು, ಮೊದಲ ಕಾಲಂ ಬಲತುದಿಗೆ ಬರಬೇಕು, ಅಂಕಿಗಳು ಮಾತ್ರ ಎಡದಿಂದ ಬಲಕ್ಕೇ ಇರಬೇಕು. ಇಂಗ್ಲಿಷನ್ನೇ ‘ಭಾರತ’ ಎಂದು ಸೂಚಿಸಿ ಕೊಟ್ಟರೆ 12,34,567 ಎಂದು ಬರುವ ಮೊತ್ತ, ‘ಅಮೆರಿಕ’ ಎಂದರೆ 1,234,567 ಆಗುತ್ತದೆ. 03/04 ಎಂಬ ದಿನಾಂಕ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಸಾಲದ ಕಂತಿನ ದಿನಾಂಕದಲ್ಲಿ ಇಂಥ ಗೊಂದಲ ತಮಾಷೆಯಲ್ಲ. ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಗೋಜಲಾಗಿ ಕಂಡರೆ, ಕಡತದ ಆರಂಭದಲ್ಲಿ ‘ಬಾಮ್’ ಎಂಬ ಗುರುತು ಸೇರಿಸಿದರೆ ಸರಿಹೋಗುತ್ತದೆ.

ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಕಾಣುವ ಪದ ಬದಲಾಗಬೇಕು, ಒಳಗಿನ ಮಾಹಿತಿ ಬದಲಾಗಬಾರದು. ಕಂತಿನ ಸ್ಥಿತಿ ಒಳಗೆ ಒಂದೇ ಸಂಕೇತವಾಗಿರಲಿ. ಹೊರಗೆ ಅದು ‘ಬಾಕಿ ಇದೆ’ ಎಂದೋ, ತಮಿಳಿನಲ್ಲೋ, ಉರ್ದುವಿನಲ್ಲೋ ಕಾಣಲಿ. ಪರದೆಯ ಪದವನ್ನೇ ನಂಬಿ ಲೆಕ್ಕ ಮಾಡುವ ಕೋಡ್, ಭಾಷೆ ಬದಲಿಸಿದ ಕ್ಷಣ ದಾರಿ ತಪ್ಪುತ್ತದೆ.

ಓದಲು ಬಂದರೆ ಪ್ರಶ್ನಿಸಲೂ ಬರುತ್ತದೆ

ಪುಟ ಸಿದ್ಧವಾಗಿ ಮೊದಲ ಸಲ ಸಂಘದ ಸಭೆಯಲ್ಲಿ ತೋರಿಸಿದಾಗ ಒಬ್ಬ ಅಕ್ಕ ಮೊಬೈಲ್ ಹಿಡಿದು ತಮಿಳಿನಲ್ಲಿ ತಮ್ಮ ಸಾಲನ್ನು ಬೆರಳಿಟ್ಟು ಓದಿದರು. ನಿಧಾನವಾಗಿ ಓದಿ, ‘ನಾನು ಮಾರ್ಚ್ ಕಂತು ಕಟ್ಟಿದ್ದೆನಲ್ಲ, ಇಲ್ಲಿ ಬಾಕಿ ಅಂತಿದೆ’ ಎಂದರು. ಹಳೆಯ ರಸೀದಿ ಪುಸ್ತಕ ತೆಗೆದು ನೋಡಿದರೆ ಅವರ ಮಾತೇ ನಿಜ. ಅದೇ ಹೆಸರಿನ ಇನ್ನೊಬ್ಬರ ಸಾಲಿನಲ್ಲಿ ಆ ಕಂತು ಸೇರಿತ್ತು. ಅಲ್ಲಿಯೇ ಸರಿಪಡಿಸಿದರು, ಯಾರಿಗೂ ಬೇಸರವಾಗಲಿಲ್ಲ. ಆದರೆ ತಿಂಗಳುಗಟ್ಟಲೆ ಆ ಹಾಳೆ ಎಲ್ಲರೆದುರೇ ಇತ್ತು. ಅವರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ, ಆ ಹಾಳೆ ಅವರ ಭಾಷೆಯಲ್ಲಿ ಇರಲಿಲ್ಲ ಅಷ್ಟೇ.

ಇದು ಉಪಕಾರದ ಮಾತೂ ಅಲ್ಲ. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೆ ಮನವಿ ಬರೆಯುವ ಮೊದಲು ತಪ್ಪು ಕಣ್ಣಿಗೆ ಬೀಳಬೇಕಲ್ಲ? 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರು ಅರ್ಜಿ, ಪ್ರಕಟಣೆಗಳು ಕನ್ನಡದಲ್ಲೂ ಬೇಕು ಎಂದು ಕೇಳುತ್ತಾ ಬಂದಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು ಎಂದು ನಾವೆಲ್ಲ ಒಪ್ಪುತ್ತೇವೆ. ಕೆಜಿಎಫ್‌ನ ತಮಿಳು, ತೆಲುಗು, ಉರ್ದು ಮನೆಗಳ ಹಿರಿಯರಿಗೂ ಅದೇ ನ್ಯಾಯ. ಕನ್ನಡದ ಜಾಗ ಇದರಿಂದ ಕಿರಿದಾಗುವುದಿಲ್ಲ. ಎಷ್ಟೋ ಪುಟಗಳಲ್ಲಿ ಕನ್ನಡವೇ ಇಲ್ಲ. ಎರಡನೇ ಭಾಷೆಗೆ ಜಾಗ ಮಾಡಿಕೊಂಡ ಪಟ್ಟಿಯಲ್ಲಿ ಮೊದಲು ಬರುವುದು ಕನ್ನಡವೇ, ಅದರ ಹಿಂದೆ ಉಳಿದವು.

ದೊಡ್ಡ ಪ್ರಮಾಣದಲ್ಲಿ ಇದು ಆಗದ ಕೆಲಸವೇನೂ ಅಲ್ಲ. 2000ದ ದಶಕದ ಆರಂಭದಲ್ಲೇ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ತಂದಿತು. 2024ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಿತು. ಭಾಷೆಗಳು ಹೆಚ್ಚಿದಷ್ಟೂ ಅವನ್ನು ಪರದೆಗೆ ಸರಿಯಾಗಿ ತರುವವರು ಬೇಕಾಗುತ್ತಾರೆ.

ನೀವು ಎಲ್ಲಿಂದ ಶುರು ಮಾಡಬಹುದು?

ಕೋಡಿಂಗ್ ಬಾರದವರು ನೇರವಾಗಿ ಅನುವಾದಕ್ಕೆ ಇಳಿಯಬಹುದು. ವಿಕಿಪೀಡಿಯದ ಗುಂಡಿ, ಸೂಚನೆಗಳಿಗೆ ಕನ್ನಡ ಬರುವುದು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಸ್ವಯಂಸೇವಕರು ಮಾಡುವ ಅನುವಾದದಿಂದ. ಫೈರ್‌ಫಾಕ್ಸ್‌ಗೆ ಮೊಜಿಲ್ಲಾದ ಪೊಂಟೂನ್ ಇದೆ. ಎರಡೂ ಉಚಿತ. ನೀವು ಮಾಡಿದ ಕೆಲಸ ನಿಮ್ಮ ಖಾತೆಯ ಹೆಸರಿನಲ್ಲೇ ದಾಖಲಾಗುತ್ತದೆ, ಸಂದರ್ಶನದಲ್ಲಿ ತೆರೆದು ತೋರಿಸಬಹುದು.

ಬಿಸಿಎ, ಬಿಎಸ್ಸಿ, ಎಂಜಿನಿಯರಿಂಗ್ ಓದುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇನ್ನೊಂದು ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ’ ಮಾಡುವ ಬದಲು, ಒಂದು ಉಚಿತ ಗ್ರಿಡ್ ತೆಗೆದುಕೊಂಡು 50 ಸಾಲಿನ ಪಟ್ಟಿ ಹಾಕಿ. ಕನ್ನಡದ ಜೊತೆ ನಿಮ್ಮ ಮನೆಯ ಭಾಷೆಯನ್ನು ಸೇರಿಸಿ. ಆಮೇಲೆ ಈ ಐದು ಪರೀಕ್ಷೆ ಮಾಡಿ: ಪುಟ ಮರು ತೆರೆಯದೆ ಭಾಷೆ ಬದಲಾಗುತ್ತದೆಯೇ? ‘ಕೋಲಾರ’ ಎರಡೂ ರೂಪದಲ್ಲಿ ಸಿಗುತ್ತದೆಯೇ? ರಾಬರ್ಟ್‌ಸನ್‌ಪೇಟೆ ಸಿಗುತ್ತದೆಯೇ? ಒತ್ತಕ್ಷರ ಪೂರ್ತಿ ಕಾಣುತ್ತದೆಯೇ? ಇಳಿಸಿಕೊಂಡ ಕಡತ ಎಕ್ಸೆಲ್‌ನಲ್ಲಿ ಸರಿಯಾಗಿ ತೆರೆಯುತ್ತದೆಯೇ? ಐದಕ್ಕೂ ಹೌದು ಎನ್ನುವಂತಾದರೆ, ಆ ಐದರ ಹಿಂದಿನ ಕಾರಣವನ್ನು ವಿವರಿಸಲು ಬಂದರೆ, ಸಂದರ್ಶಕರ ಮುಂದೆ ಕಾಲು ಗಂಟೆ ಧೈರ್ಯವಾಗಿ ಮಾತನಾಡಬಹುದು. ನಾನು ಈಗ ಕೆಲಸಕ್ಕೆ ಸೇರಿರುವ ಕಡೆ ನನ್ನನ್ನು ಹೆಚ್ಚು ಕೇಳಿದ್ದು ಅಂಕಪಟ್ಟಿಯ ಬಗ್ಗೆ ಅಲ್ಲ, ಸಂಘದ ಪಟ್ಟಿಯ ಬಗ್ಗೆ.

ಕೊನೆಯದಾಗಿ, ಪರೀಕ್ಷಿಸಲು ನಿಮ್ಮಂಥದ್ದೇ ಗೆಳೆಯರನ್ನು ಕರೆಯಬೇಡಿ, ಅವರಿಗೆ ಇಂಗ್ಲಿಷ್ ಗುಂಡಿಗಳು ಕಣ್ಣು ಮುಚ್ಚಿದರೂ ಗೊತ್ತು. ಪಕ್ಕದ ಮನೆಯ ಅಜ್ಜಿಗೋ, ಅಂಗಡಿ ಅಣ್ಣನಿಗೋ ಫೋನ್ ಕೊಟ್ಟು ಸುಮ್ಮನೆ ಕೂತು ನೋಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ನಿಮ್ಮ ಕೆಲಸ ಬಾಕಿ ಇದೆ. ರೆಸ್ಯೂಮೆಯ ಕೊನೆಯ ಸಾಲನ್ನು ಮೇಲಕ್ಕೆ ತರುವ ದಾರಿಯೂ ಅದೇ.